ಸ್ಕೋರ್ ಎಷ್ಟಾತ್ರೀ, ಅಕ್ಕಾರ?

ಮೊದಲ ಫೋಟೋ ಪೂರ್ತಿ ಬರುವ ಮುಂಚೆಯೇ ನಾನು ಅದನ್ನು ತೆರೆದೆ. ಫೈಲು ಇನ್ನೂ ಇಳಿಯುತ್ತಿರುವಾಗಲೇ ಇಣುಕಿ ನೋಡುವ ಚಾಳಿ ನನ್ನದು. ಅರ್ಧ ಬಂದ ಚಿತ್ರದಲ್ಲಿ ಮೇಲ್ಭಾಗ ಮಾತ್ರ ಕಾಣುತ್ತದೆ, ಉಳಿದದ್ದೆಲ್ಲ ಬೂದು ಬಣ್ಣ. ಮೊದಲ ಸಲ ಆಕಾಶ ಮತ್ತು ಸುಣ್ಣದ ಗೋಡೆ ಕಂಡವು. ಮುಚ್ಚಿ ಮತ್ತೆ ತೆರೆದಾಗ ಗೋಡೆಗೆ ಒರಗಿ ಕೂತ ಮನುಷ್ಯನ ಕೂದಲು, ಹಣೆ. ಇನ್ನೊಂದು ಸಲ ತೆರೆದಾಗ ಹಣೆಯ ಕೆಳಗೆ ಕಣ್ಣು ಮೂಗು ಇರಬೇಕಾದಲ್ಲಿ ಜಜ್ಜಿದ ಮಾಂಸ ಮಾತ್ರ ಇತ್ತು. ಹಿಂದೆ ನಿಂತಿದ್ದ ಗಿರಾಕಿಯೊಬ್ಬ ಬಗ್ಗಿ ನೋಡಿ, "ಯಾವ ಪಿಚ್ಚರ್ರೀ ಭಾಯ್ ಇದು? ಭಾರೀ ಫೈಟಿಂಗ್ ಐತಿ" ಅಂದ. ನಾನು ಅವನ ಕಾಲರ್ ಹಿಡಿದು ರಸ್ತೆಗೆ ನೂಕಿದೆ. ಅವನ ಒಂದು ಚಪ್ಪಲಿ ಅಂಗಡಿಯಲ್ಲೇ ಉಳಿಯಿತು, ಅದನ್ನೂ ಎಸೆದೆ. ನನ್ನ ಸಿಟ್ಟು ಮುಂಡಗೋಡದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ಎರಡು ಸಾವಿರದ ಎಂಟನೇ ಇಸವಿಯ ಬೇಸಿಗೆ ಅದು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸೈಬರ್ ಅಂಗಡಿ ಇತ್ತು. ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಟಿಬೇಟಿ ನಿರಾಶ್ರಿತರ ಕ್ಯಾಂಪಿನವರು. ಆ ಫೋಟೋ ಕಳಿಸಿದವನು ಕ್ಯಾಂಪಿನ ಒಬ್ಬ ಹೆಂಗಸಿನ ತಮ್ಮ. ಆಕೆ ಚಳಿಗಾಲದಲ್ಲಿ ಹುಬ್ಬಳ್ಳಿಯ ಫುಟ್‌ಪಾತಿನ ಮೇಲೆ ಸ್ವೆಟರ್ ಮಾರುತ್ತಿದ್ದಳು, ಉಳಿದ ದಿನ ಕ್ಯಾಂಪಿನಲ್ಲೇ ಚಹಾದಂಗಡಿ. ಅಕ್ಕ ತಮ್ಮ ಇಬ್ಬರನ್ನೂ ಚಿಕ್ಕವರಿದ್ದಾಗಲೇ ಯಾರೋ ಗುಡ್ಡ ದಾಟಿಸಿ ಇಲ್ಲಿಗೆ ತಂದು ಬಿಟ್ಟಿದ್ದರು. ಓದಿದ್ದು, ಬೆಳೆದದ್ದು ಎಲ್ಲ ಇಲ್ಲೇ. ನಮ್ಮ ಮಳಗಿ ಊರಿನ ಹುಡುಗರಿಗೂ ಕ್ಯಾಂಪಿನವರಿಗೂ ಕ್ರಿಕೆಟ್ ಮ್ಯಾಚ್ ಆದಾಗ ಅವನು ಆ ಕಡೆಯ ವಿಕೆಟ್ ಕೀಪರ್. ನಮ್ಮಿಂದ ಅವನು ಕಲಿತ ಮೊದಲ ಕನ್ನಡವೆಲ್ಲ ಬೈಗಳು. ದೊಡ್ಡವನಾದ ಮೇಲೆ, ತಾಯಿ ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಬಂದು ಟಿಬೇಟಿಗೆ ವಾಪಸ್ಸು ಹೋದ. ತಾಯಿ ತೀರಿಕೊಂಡ ಮೇಲೂ ಅಲ್ಲಿಯ ಒಂದು ಸಣ್ಣ ಪೇಟೆಯಲ್ಲಿ ಇಂಟರ್‌ನೆಟ್ ಅಂಗಡಿಯ ಕೆಲಸಕ್ಕೆ ನಿಂತ.

ನಾನು ಆಕೆಗೆ ಅಕ್ಕಾರ ಎನ್ನುತ್ತಿದ್ದೆ, ಪರವೂರಿನವರ ಮನೆಯ ಹೆಂಗಸಿಗೆ ಹೇಳುವ ಹಾಗೆ. ಆಕೆ ನನಗೆ ಭಾಯ್, ಬರ್ರಿ, ಹೋಗ್ರಿ. ಅಕ್ಕ ತಮ್ಮಂದಿರ ನಡುವೆ ಮಾತ್ರ ಇಂಥ ಯಾವ ಮರ್ಯಾದೆಯೂ ಇರಲಿಲ್ಲ. ಗೇಲಿ ಮಾಡಲು ಇಬ್ಬರಿಗೂ ಕನ್ನಡವೇ ಬೇಕು. ಫೋನೆತ್ತಿದ ಕೂಡಲೇ ಆಕೆ, "ಏ ಕತ್ತಿ, ಉಂಡ್ಯೋ ಇಲ್ಲೋ?" ಎನ್ನುವಳು, ನಮ್ಮ ಕಡೆ ಕತ್ತೆಗೆ ಕತ್ತಿ ಎಂದೇ ಹೇಳುವುದು. ಅವನು, "ಏ ಹುಚ್ಚಕ್ಕಾ, ನಿನಗ ತಿನ್ನೂದು ಬಿಟ್ರ ಬ್ಯಾರೆ ಮಾತ ಇಲ್ಲೇನ?" ಎನ್ನುವನು.

ಆ ಬೇಸಿಗೆಯಲ್ಲಿ ಟಿಬೇಟಿನಲ್ಲಿ ಗಲಾಟೆ ಎದ್ದಿತು. ಗುಂಡು ಹಾರಿದ ಸುದ್ದಿ, ಜನರನ್ನು ಎಳೆದೊಯ್ದ ಸುದ್ದಿ ಕ್ಯಾಂಪಿಗೆ ತುಂಡು ತುಂಡಾಗಿ ಬರುತ್ತಿತ್ತು. ಒಂದು ದಿನ ಆಕೆ ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು.

"ಭಾಯ್, ನನ್ನ ತಮ್ಮ ಫೋಟೋ ತಗದ ಇಟ್ಟಾನ. ಸತ್ತಾವ್ರದು, ಹೊಡಿಸಿಕೊಂಡಾವ್ರದು. ಅಲ್ಲಿಂದ ಹೊರಗ ಕಳಸಾಕ ಬರವಲ್ದು. ಕಳಸೂದ್ರಾಗ ಸಿಕ್ರ ಅವನೂ ಫೋಟೋ ಆಗ್ತಾನ. ಏನರ ಮಾಡ್ರಿ."

ಮಾಡುತ್ತೇನೆ ಅಂದೆ. ಏನು ಮಾಡಬೇಕೆಂದು ಆಗ ನನಗೆ ಗೊತ್ತಿರಲಿಲ್ಲ.

ಅಲ್ಲಿಯ ಸರ್ಕಾರ ಹೇಗೆ ತಡೆಯುತ್ತದೆ ಎನ್ನುವುದನ್ನು ನಾನು ಕಲಿತದ್ದು ಸೋತು ಸೋತು. ದಾಂಡೇಲಿ ಕಡೆಯ ದಾರಿಯಲ್ಲಿ ಸಾಗವಾನಿ ಕಳ್ಳರನ್ನು ಹಿಡಿಯಲು ಫಾರೆಸ್ಟ್ ನಾಕಾ ಇರುತ್ತದಲ್ಲ, ಹಾಗೆ ಆ ದೇಶದ ನೆಟ್ಟು ಹೊರಗೆ ಬರುವ ಕೆಲವೇ ದಾರಿಗಳ ಮೇಲೂ ನಾಕಾ. ಲಾರಿ ಎಲ್ಲಿಗೆ ಹೊರಟಿದೆ ಎಂದು ನಾಕಾದವನು ಮೊದಲು ಕೇಳುತ್ತಾನೆ. ಬೇಡದ ಜಾಗದ ಹೆಸರು ಹೇಳಿದರೆ ತಪ್ಪು ದಾರಿ ತೋರಿಸಿಬಿಡುತ್ತಾನೆ, ಲಾರಿ ಎಲ್ಲೋ ಹೋಗಿ ನಿಲ್ಲುತ್ತದೆ. ಅದಕ್ಕೆ ನಾನು ನನ್ನ ಒಂದು ಕಂಪ್ಯೂಟರನ್ನೇ ನಡುವಿನ ಮನೆ ಮಾಡಿದೆ. ಅವನು ನನ್ನ ಯಂತ್ರಕ್ಕೆ ಬರುವುದು, ನನ್ನ ಯಂತ್ರ ಅವನಿಗೆ ಬೇಕಾದ ಪುಟ ತಂದುಕೊಡುವುದು, ಅವನು ಕೊಟ್ಟದ್ದನ್ನು ಇಟ್ಟುಕೊಳ್ಳುವುದು. ಪರೀಕ್ಷೆಗೆಂದು ನನ್ನಲ್ಲಿದ್ದ ಅತ್ತಿವೇರಿ ಪಕ್ಷಿಧಾಮದ ಹಕ್ಕಿಗಳ ಫೋಟೋ ಕಳಿಸಿ, ವಾಪಸ್ಸು ತರಿಸಿಕೊಂಡೆ. ಚಮಚ ಕೊಕ್ಕಿನ ಹಕ್ಕಿಗಳು ಹೋಗಿ ಸುರಕ್ಷಿತವಾಗಿ ಬಂದವು. ಊರು, ಹೆಸರು ಬರೆದ ನಿಜವಾದ ಸುದ್ದಿ ಕಳಿಸಿದ ದಿನ ಮಾತ್ರ ಲೈನು ಪಟ್ಟನೆ ಹರಿಯಿತು. ನಾಕಾದವನು ತಾಡಪಾಲು ಎತ್ತಿ ಒಳಗಿನ ಮಾಲನ್ನೂ ನೋಡುತ್ತಿದ್ದ. ಬೇಡದ ಶಬ್ದ ಕಂಡ ಕೂಡಲೇ ಎರಡೂ ಕಡೆಗೆ, ಎದುರಿನವನೇ ಫೋನಿಟ್ಟ ಹಾಗೆ ಸುಳ್ಳು ಸಂಕೇತ ಕಳಿಸಿ ಸಂಪರ್ಕ ಮುರಿಯುತ್ತಿದ್ದ.

ಸರಿ, ಮಾಲಿಗೆ ಬೀಗ ಹಾಕೋಣ ಎಂದು ವಿಪಿಎನ್ ಹಾಕಿದೆ. ವಿಂಡೋಸಿನಲ್ಲೇ ಇರುವಂಥದ್ದು, ಸುಲಭದ್ದು. ಕೆಲವು ದಿನ ಚೆನ್ನಾಗಿ ನಡೆಯಿತು. ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಆಮೇಲೆ ಅದೂ ಸತ್ತಿತು. ಯಂತ್ರದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ನಂಬರಿನ ಬಾಗಿಲು ಇರುತ್ತದೆ, ವಿಪಿಎನ್ ಬರುವ ಬಾಗಿಲಿನ ನಂಬರು ಜಗತ್ತಿಗೆಲ್ಲ ಗೊತ್ತು. ಒಳಗೇನಿದೆ ಎಂದು ಓದಲಾಗದಿದ್ದರೂ, ಬೀಗ ಹಾಕಿದ ಲಾರಿ ಈ ಬಾಗಿಲಿಗೆ ಬಂತು ಎನ್ನುವುದೇ ಅವರಿಗೆ ಸಾಕಿತ್ತು. ಅವನು ಕೂರುತ್ತಿದ್ದ ಅಂಗಡಿಯ ಲೈನಿನಲ್ಲಿ ಆ ಬಾಗಿಲನ್ನೇ ಮುಚ್ಚಿಬಿಟ್ಟರು. ಸಿಟ್ಟಿಗೆ ಕೀಬೋರ್ಡನ್ನು ಟೇಬಲ್ಲಿನ ಅಂಚಿಗೆ ಬಡಿದೆ, ಅಕ್ಷರದ ಗುಂಡಿಗಳು ಅಂಗಡಿ ತುಂಬ ಚೆಲ್ಲಾಡಿದವು.

ನಂತರ ಹೊಳೆದದ್ದು ಬ್ಯಾಂಕಿನವರ ಬಾಗಿಲು. ಬ್ಯಾಂಕು, ವ್ಯಾಪಾರ, ಎಲ್ಲ ಬೀಗದ ಮಾತುಕತೆ ನಡೆಯುವುದು ಒಂದೇ ಬಾಗಿಲಲ್ಲಿ. ಅದನ್ನು ಮುಚ್ಚಿದರೆ ಅವರದೇ ವ್ಯಾಪಾರ ನಿಲ್ಲುತ್ತದೆ. ವಿಪಿಎನ್ ಬಿಟ್ಟು, ಲಿನಕ್ಸ್ ಹಾಕಿ, ಬೇರೆ ಥರದ ಸುರಂಗವೊಂದನ್ನು ಆ ಬಾಗಿಲಿಗೆ ತಂದು ಕೂಡಿಸಿದೆ. ಪಾಸ್‌ವರ್ಡ್ ಬದಲು ಅವನ ಪೆನ್‌ಡ್ರೈವಿನಲ್ಲಿ ಒಂದು ಕೀಲಿ ಫೈಲು. ಅದು ನಡೆಯಿತು. ಮೊದಲ ಫೋಟೋ ಬಂದದ್ದು ಆ ದಾರಿಯಲ್ಲೇ. ಅವನ ಕೀಲಿಯ ನಕಲು ಪಡೆದ ಇನ್ನೂ ನಾಲ್ಕಾರು ಜನ ಅದೇ ಸುರಂಗದಿಂದ ಕಳಿಸತೊಡಗಿದರು. ಯಾರೆಂದು ನಾನು ಕೇಳಲಿಲ್ಲ. ಆದರೆ ಅವರು ಕಳಿಸಿದ ಚಿತ್ರಗಳಲ್ಲಿ ಜೀವಂತವಿದ್ದವರ ಮುಖಗಳೂ ಇದ್ದವು, ಗಾಯ ತೋರಿಸುತ್ತ ಕ್ಯಾಮರಾ ನೋಡಿದವರು. ಎಲ್ಲವನ್ನೂ ತುಂಬಿಕೊಂಡಿದ್ದ ನನ್ನ ಯಂತ್ರದ ಡಿಸ್ಕು ಬೇರೆಯವರ ಕೈಗೆ ಸಿಕ್ಕರೆ ಅವರೆಲ್ಲರ ಗತಿ ಮುಗಿದಂತೆ.

ಸುರಂಗ ಮುರಿಯಲಾಗದಿದ್ದರೂ ಇಷ್ಟು ಹೊತ್ತು ದೂರದ ಒಂದೇ ವಿಳಾಸಕ್ಕೆ ಯಾಕೆ ಅಂಟಿಕೊಂಡಿದ್ದಾರೆ ಎಂದು ಲೆಕ್ಕ ಹಾಕಿ, ಅವರು ನನ್ನ ವಿಳಾಸವನ್ನೇ ತಡೆದರು. ಇಲ್ಲಿ ಮಾತ್ರ ನನ್ನ ಹಾಳು ಬ್ರಾಡ್‌ಬ್ಯಾಂಡ್ ಉಪಕಾರಕ್ಕೆ ಬಂತು. ಮೋಡೆಮ್ ಒಮ್ಮೆ ಆರಿಸಿ ಹಚ್ಚಿದರೆ ಹೊಸ ವಿಳಾಸ. ತಡೆದ ಕೂಡಲೇ ಆರಿಸಿ ಹಚ್ಚುವುದು, ಹೊಸ ನಾಲ್ಕು ಸಂಖ್ಯೆಗಳನ್ನು ಅವನಿಗೆ ಮುಟ್ಟಿಸುವುದು. ಮುಟ್ಟಿಸುವುದು ಹೇಗೆ? ಮೇಲ್ ಓದುತ್ತಾರೆ, ಫೋನು ಕೇಳುತ್ತಾರೆ.

"ಕನ್ನಡದಾಗ ಹೇಳೂಣು" ಅಂದಳು ಆಕೆ. "ನಮ್ಮ ಭಾಷಾ ಕೇಳ್ತಾರ, ಅವ್ರ ಭಾಷಾ ಕೇಳ್ತಾರ, ಹಿಂದಿ ಇಂಗ್ಲಿಷ್ ಕೇಳ್ತಾರ. ಮುಂಡಗೋಡ ಕನ್ನಡ ಯಾವ ಕತ್ತಿ ಕೇಳತೈತಿ ಅಲ್ಲಿ?"

ಅದಕ್ಕೊಂದು ವೇಷ ಬೇಕೆಂದು ಕ್ರಿಕೆಟ್ ಹೊಂದಿಸಿದೆವು. ಅವನು ಅಲ್ಲಿಯ ಫೋನ್ ಬೂತಿನಿಂದ ಮಧ್ಯಾಹ್ನ ನನ್ನ ಅಂಗಡಿಗೆ ಫೋನ್ ಮಾಡಿ, "ಸ್ಕೋರ್ ಎಷ್ಟಾತು?" ಎನ್ನುವನು. ಆಕೆ, "ಐವತ್ತೊಂಬತ್ತಕ್ಕ ಮೊದಲನೇ ವಿಕೆಟ್ ಬಿತ್ತು, ಮೂವತ್ತೆಂಟಕ್ಕ ಎರಡನೇದು" ಎಂದು ವಿಳಾಸದ ನಾಲ್ಕು ಸಂಖ್ಯೆಗಳನ್ನು ನಾಲ್ಕು ವಿಕೆಟ್ ಮಾಡಿ ಒಪ್ಪಿಸುವಳು. ಮೊದಲನೆಯದಕ್ಕಿಂತ ಕಡಿಮೆ ರನ್ನಿಗೆ ಎರಡನೇ ವಿಕೆಟ್ ಬೀಳುವ ಆಟ ಭೂಮಿಯ ಮೇಲೆ ಎಲ್ಲೂ ಇಲ್ಲ. ಕೇಳುವವನಿಗೆ ಕನ್ನಡವೂ ಬಾರದು, ಕ್ರಿಕೆಟ್ಟೂ ಬಾರದು ಎಂದು ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಧೈರ್ಯ ಬಂದು ಅವನು ಫೋನಿನಲ್ಲೇ ಎಲ್ಲ ಹೇಳತೊಡಗಿದ. "ನಿನ್ನೆ ನಮ್ಮ ಓಣ್ಯಾಗ ಒಬ್ಬಾಂವ್ನ ಮನಿಯಿಂದ ಹೊರಗ ಎಳದ್ರು ಭಾಯ್. ಬಂದೂಕಿನ ಹಿಂಬದೀಲೆ ಮೊಣಕಾಲಿಗೆ ಹೊಡದ್ರು. ಚಿಪ್ಪ ಒಡದ ಸಪ್ಪಳ ನಮಗ ಒಳಗ ಕೇಳಸ್ತು. ಅಂವ ಒದರಲೇ ಇಲ್ಲ. ಅವನ ಹೇಣ್ತಿ ಒದರಿದ್ಲು, ಆಕಿ ಬಾಯಾಗ ಬೂಟ ಇಟ್ರು." ಮರುದಿನ ಅದರ ಫೋಟೋ ಬಂತು. ಕ್ಯಾಂಪಿನ ಹಿರಿಯರು ಬಂದು ಸಿಡಿಗೆ ಹಾಕಿಸಿಕೊಂಡು ಹೋಗುವರು. ಅಂಥ ಚಿತ್ರಗಳನ್ನು ದಿನವೂ ಸಿಡಿಗೆ ಹಾಕಿ ಹಾಕಿ ಮನೆಯಲ್ಲಿ ಮಾಂಸದ ಸಾರು ಮುಂದಿಟ್ಟರೆ ತಟ್ಟೆ ಸರಿಸಿ ಏಳುತ್ತಿದ್ದೆ. ಹೆಂಡತಿ ಕಾರಣ ಕೇಳಿದರೆ ಅವಳ ಮೇಲೂ ಕೂಗಾಡುತ್ತಿದ್ದೆ.

ಒಮ್ಮೆ ವಿಳಾಸ ತಡೆದರು, ನಾನು ಮೋಡೆಮ್ ಆರಿಸಿ ಹಚ್ಚಿದೆ, ಅವನ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಆಕೆ ದಿನಾ ಮಧ್ಯಾಹ್ನ ಬಂದು ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದಳು. ವಾರ ಕಳೆದ ಮೇಲೆ ಫೋನು ರಿಂಗಾಯಿತು. ಸ್ಪೀಕರ್ ಒತ್ತಿದೆ.

"ಏ ಕತ್ತಿ! ಉಂಡ್ಯೋ ಇಲ್ಲೋ?"

ಅವನದೇ ದನಿ, "ನಮಸ್ಕಾರ್ರೀ ಅಕ್ಕಾರ. ಸ್ಕೋರ್ ಎಷ್ಟಾತ್ರೀ?"

ಆಕೆ ನಕ್ಕಳು. "ಏನಲೇ, ಇವತ್ತ ಭಾಳ ಮರ್ಯಾದಿ ಬಂದೈತಿ?"

"ಹಂಗೇನಿಲ್ರೀ ಅಕ್ಕಾರ. ನೀವು ಸ್ಕೋರ್ ಹೇಳ್ರಿ."

ಆಗ ಅವನ ಹಿಂದಿನಿಂದ ಇನ್ನೊಂದು ದನಿ, ಸಣ್ಣಗೆ, "ನಿಧಾನವಾಗಿ ಹೇಳೋಕೆ ಹೇಳು. ನಾನು ಬರ್ಕೋಬೇಕು."

ಕನ್ನಡವೇ, ಆದರೆ ಮೈಸೂರು ಕಡೆಯ ಕನ್ನಡ. ಆ ಕಡೆಯ ಯಾವುದೋ ಕ್ಯಾಂಪಿನಲ್ಲಿ ಬೆಳೆದು ವಾಪಸ್ಸು ಹೋದವನೊಬ್ಬನನ್ನು ಹುಡುಕಿ ತಂದು ಕೂರಿಸಿದ್ದರು. ನಾವು ಗುಡ್ಡದಷ್ಟು ಗಟ್ಟಿ ಎಂದುಕೊಂಡಿದ್ದ ಬೀಗಕ್ಕೆ ಅವರು ಅಷ್ಟು ಸುಲಭವಾಗಿ ಕೀಲಿ ಮಾಡಿಸಿಕೊಂಡಿದ್ದರು. ಇವನು ಪೊಲೀಸರಿದ್ದಾರೆ ಎಂದು ಹೇಳುವಂತಿರಲಿಲ್ಲ, ಕೆಮ್ಮುವಂತಿರಲಿಲ್ಲ. ಆದರೆ ಆ ಮೈಸೂರಿನ ಕಿವಿಗೆ ಧಾರವಾಡದ ಕಡೆಯ ಕನ್ನಡ ಎಂದರೆ ಉದ್ದಕ್ಕೂ ರೀ, ರೀ. ಒಡಹುಟ್ಟಿದ ಅಕ್ಕನಿಗೆ ಇಲ್ಲಿ ಯಾರೂ ರೀ ಹಚ್ಚುವುದಿಲ್ಲ ಎನ್ನುವುದು ಅವನಿಗೆ ತಿಳಿಯುವ ಹಾಗಿರಲಿಲ್ಲ. ನಾವು ಯಾರೂ ಕಲಿಸದ ಸಂಕೇತವನ್ನು, ಏಟು ತಿನ್ನುತ್ತ, ಆಕೆಯ ತಮ್ಮ ತಾನೇ ಹುಡುಕಿ ಕಳಿಸುತ್ತಿದ್ದ.

ನನಗಿಂತ ಮೊದಲು ಅದು ಆಕೆಗೆ ತಿಳಿದಿತ್ತು. ನಗು ಮುಖದ ಮೇಲೇ ಉಳಿದು ಬಣ್ಣ ಮಾತ್ರ ಇಳಿದು ಹೋಗಿತ್ತು.

"ಯಾಕ ತಡ ಮಾಡಾಕತ್ತೀರ್ರೀ ಅಕ್ಕಾರ?" ಎಂದ ಅವನು. ಮಾತು ಮುಗಿಯುವ ಮೊದಲೇ ಗೋಣಿಚೀಲ ನೆಲಕ್ಕೆ ಹಾಕಿದಂಥ ಸದ್ದು ಬಂತು. ಅವನ ಎದೆಯಿಂದ ಗಾಳಿ ಹೊರಬಿದ್ದದ್ದು ಸ್ಪೀಕರಿನಲ್ಲಿ ಕೇಳಿಸಿತು.

ಆಕೆ ಸ್ಪೀಕರ್ ಆರಿಸಿ ರಿಸೀವರ್ ಎತ್ತಿ ಅದರ ಬಾಯಿಗೆ ಕೈ ಮುಚ್ಚಿದಳು. ನಾನು ಕಿವಿಯಲ್ಲಿ, "ಸುಳ್ಳ ನಂಬರ್ ಕೊಡ್ರಿ ಅಕ್ಕಾರ" ಅಂದೆ. ಆಕೆ ನನ್ನ ಮಣಿಕಟ್ಟನ್ನು ಉಗುರು ನೆಡುವಂತೆ ಹಿಡಿದಳು.

"ಸುಳ್ಳಂತ ಗೊತ್ತಾದ್ರ ಕೊಂದ ಹಾಕ್ತಾರ. ಖರೇ ಕೊಡೂಣು."

"ಖರೇ ಕೊಟ್ರ ಡಿಸ್ಕಿನ್ಯಾಗ ಇದ್ದಾವ್ರ ಗತಿ?"

ಆಕೆ ಹಿಡಿದ ಕೈಯನ್ನು ಬಿಡಲಿಲ್ಲ. ನಾನು ಅವತ್ತು ಸಿಟ್ಟು ಮಾಡಿಕೊಳ್ಳದೆ ಯೋಚಿಸಿದ್ದು ಅದೊಂದೇ ಗಳಿಗೆ. ವಿಳಾಸ ನಿಜವಿರಬೇಕು, ಅವನ ಕೀಲಿ ಬಾಗಿಲು ತೆರೆಯಬೇಕು, ಒಳಗೆ ಏನೂ ಇರಬಾರದು. ಸುರಂಗ ಕಟ್ಟಿದ ಹೊಸದರಲ್ಲಿ ನಾನು ಒಂದು ಡಿಸ್ಕಿನ ನಕಲು ಮಾಡಿ ಇಟ್ಟಿದ್ದೆ. ಅದರಲ್ಲಿ ಅವನ ಕೀಲಿಗೆ ತೆರೆಯುವ ಬೀಗವಿತ್ತು, ಮತ್ತೆ ಪರೀಕ್ಷೆಗೆ ಕಳಿಸಿದ ಅತ್ತಿವೇರಿಯ ಹಕ್ಕಿಗಳಿದ್ದವು. ಅಷ್ಟೇ.

"ಮಾತಾಡ್ಕೋತ ಇರ್ರಿ. ನಾ ಗೋಣು ಹಾಕೂತನ ನಂಬರ್ ಹೇಳಬ್ಯಾಡ್ರಿ" ಅಂದೆ.

ಆಕೆ ಕೈ ತೆಗೆದು, ಹುಬ್ಬಳ್ಳಿಯ ಫುಟ್‌ಪಾತಿನ ಮೇಲೆ ಗಿರಾಕಿ ಕೂಗುವ ದನಿಯಲ್ಲಿ ಶುರು ಮಾಡಿದಳು. ಮಳಿ ಬಂದು ಆಟ ನಿಂತಿತ್ತು, ಪಿಚ್ ಹಸಿ ಆಗಿತ್ತು, ಅಂಪೈರ್ ಕುರುಡ ಅದಾನ, ನಿಮ್ಮ ಬ್ಯಾಟು ಇಲ್ಲೇ ಅಟ್ಟದ ಮ್ಯಾಲೆ ಐತಿ. ಒಂದೊಂದು ಮಾತಿಗೂ ಆಚೆ ಕಡೆ ಕಾಯಬೇಕಾಗುತ್ತಿತ್ತು, ಕಾದಷ್ಟೂ ಅವನಿಗೆ ಏಟು ಬೀಳುತ್ತಿರಬಹುದು ಎಂದು ಆಕೆಗೆ ಗೊತ್ತಿತ್ತು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ದನಿ ಮಾತ್ರ ಒಡೆಯಲಿಲ್ಲ.

ನಾನು ಟೇಬಲ್ ಕೆಳಗೆ ನುಗ್ಗಿದೆ. ಯಂತ್ರ ಆರಿಸಿದೆ. ಮೋಡೆಮ್ ಮುಟ್ಟುವಂತಿರಲಿಲ್ಲ. ಅದು ಆರಿದರೆ ವಿಳಾಸ ಬದಲಾಗುತ್ತದೆ, ಆಕೆ ಹೇಳುವ ನಂಬರು ಸುಳ್ಳಾಗುತ್ತದೆ, ಏಟು ಅವನಿಗೆ. ಹಳೆಯ ಡಿಸ್ಕು ಕಿತ್ತೆ. ಸ್ಕ್ರೂಡ್ರೈವರ್ ಜಾರಿ ಅಂಗೈ ಸೀಳಿತು, ರಕ್ತದಲ್ಲೇ ನಕಲಿನ ಡಿಸ್ಕನ್ನು ಕೇಬಲ್ಲಿಗೆ ಸಿಕ್ಕಿಸಿದೆ. ಗುಂಡಿ ಒತ್ತಿದೆ. ಅಕ್ಷರಗಳು ಪರದೆಯ ಮೇಲೆ ಏರತೊಡಗಿದಾಗ ಕರೆಂಟು ಹೋಯಿತು. ಮಧ್ಯಾಹ್ನದ ಲೋಡ್ ಶೆಡ್ಡಿಂಗ್. ಇನ್ವರ್ಟರ್ ಕುಂಯ್ ಎಂದು ಹಿಡಿದುಕೊಂಡಿತು. ಮೋಡೆಮ್ಮಿನ ಹಸಿರು ದೀಪ ಒಮ್ಮೆ ಮಿಟುಕಿ ಹಾಗೆಯೇ ಉಳಿಯಿತು. ವಿಳಾಸ ನೋಡಿದೆ, ಅದೇ ಇತ್ತು. ಗೋಣು ಹಾಕಿದೆ.

ಆಕೆ ನಾಲ್ಕು ವಿಕೆಟ್ ಹೇಳಿದಳು, ಒಂದೊಂದನ್ನೂ ಎರಡು ಸಲ, ನಿಧಾನವಾಗಿ, ಬರೆದುಕೊಳ್ಳುವವನ ಅನುಕೂಲಕ್ಕೆ. ಕೊನೆಗೆ, "ಖರೇ ಸ್ಕೋರ್ ಐತ್ರೀ ಇದು. ನಮ್ಮ ಹುಡುಗಗ ಬೈಬ್ಯಾಡ್ರಿ ಅಂತ ಹೇಳ್ರಿ ಅಲ್ಲೆ ಇದ್ದಾವ್ರಿಗೆ" ಅಂದಳು. ಫೋನು ಆ ಕಡೆಯಿಂದಲೇ ಕಟ್ಟಾಯಿತು.

ಅವರು ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪರದೆಯ ಮೇಲೆ ಅವನ ಕೀಲಿ ಬಂದು ಬಾಗಿಲು ತೆರೆದದ್ದು ಕಂಡಿತು. ಅವನ ಹೆಸರಿನಲ್ಲಿ ಬಂದವರು ಪ್ರತಿ ಫೋಲ್ಡರಿಗೂ ಹೋದರು, ಹೊರಗೆ ಬಂದರು, ಮತ್ತೆ ಹೋದರು. ಏನೂ ಸಿಗದೆ ಹಕ್ಕಿಗಳಿಗೆ ಕೈ ಹಾಕಿದರು. ಚಮಚ ಕೊಕ್ಕಿನವು, ಕೊಕ್ಕರೆಗಳು, ಗೂಡಿನಲ್ಲಿ ಬಾಯಿ ತೆರೆದ ಮರಿಗಳು, ಎಲ್ಲವನ್ನೂ ಒಂದೂ ಬಿಡದೆ ಹೊತ್ತೊಯ್ದರು. ಅದರಲ್ಲಿ ಗುಪ್ತ ಸಂದೇಶ ಹುಡುಕಿ ಎಷ್ಟು ದಿನ ಕಣ್ಣು ಕೆಡಿಸಿಕೊಂಡರೋ.

ಅವರು ಹೊರಗೆ ಹೋದ ಮೇಲೆ ಆಕೆ ಸ್ಟೂಲಿನಿಂದ ಎದ್ದಳು. ಆ ಸ್ಟೂಲನ್ನೇ ಎತ್ತಿ ಎದುರಿನ ಮಾನಿಟರಿಗೆ ಹೊಡೆದಳು. ಗಾಜು ಸಿಡಿದ ಸದ್ದಿಗೆ ಪಕ್ಕದ ಗ್ಯಾರೇಜಿನವರು ಓಡಿ ಬಂದರು. ಎರಡನೆಯದಕ್ಕೂ ಹೊಡೆದಳು. ನಾನು ತಡೆಯಲಿಲ್ಲ, ತಡೆಯಲು ಬಂದವರನ್ನು ಹಿಂದಕ್ಕೆ ನೂಕಿದೆ. ಸುಸ್ತಾಗಿ ಆಕೆ ನೆಲಕ್ಕೆ ಕೂತ ಮೇಲೆ, ಕಿತ್ತಿಟ್ಟಿದ್ದ ಡಿಸ್ಕು ಒಯ್ದು ಗ್ಯಾರೇಜಿನ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಬಡಿದೆ. ಹಿರಿಯರಿಗೆ ಆಗಲೇ ಕೊಟ್ಟಿದ್ದ ಸಿಡಿಗಳು ಸಾಕು, ಉಳಿದ ಮುಖಗಳು ಯಾರ ಕೈಗೂ ಸಿಗುವುದು ಬೇಡ. ಒಳಗಿನ ತಟ್ಟೆಗಳು ಚೂರಾಗುವವರೆಗೂ ಬಡಿದೆ, ಚೂರಾದ ಮೇಲೂ ಬಡಿದೆ. ಗ್ಯಾರೇಜಿನ ಮೇಸ್ತ್ರಿ ಬಂದು ಸುತ್ತಿಗೆ ಕಸಿದುಕೊಳ್ಳಬೇಕಾಯಿತು. ಅಂಗೈಯ ಗಾಯ ಬಾಯಿ ತೆರೆದು ಹಿಡಿಕೆಯೆಲ್ಲ ಕೆಂಪಾಗಿತ್ತು.

ನನ್ನ ಬೀಗವನ್ನು ಅವರು ಕೊನೆಗೂ ಒಡೆಯಲಿಲ್ಲ. ಬೀಗದ ಕೈ ಇಟ್ಟುಕೊಂಡವನ ಹಲ್ಲು ಮುರಿದರು, ಅಷ್ಟು ಸಾಕಾಯಿತು. ಬಾಗಿಲು, ವಿಳಾಸ, ಸುರಂಗ ಎಂದು ತಿಂಗಳುಗಟ್ಟಲೆ ತಲೆ ಓಡಿಸಿದ ನಾನು, ಮನುಷ್ಯನನ್ನು ಹಿಡಿದರೆ ಏನು ಮಾಡಬೇಕೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅದನ್ನು ಅವನೊಬ್ಬನೇ ಯೋಚಿಸಿದ.

ಉಳಿದವರು ಯಾರೂ ಸಿಕ್ಕಿಬೀಳಲಿಲ್ಲ ಎಂದು ಬಹಳ ದಿನದ ಮೇಲೆ ಕ್ಯಾಂಪಿನ ಹಿರಿಯರಿಂದ ತಿಳಿಯಿತು. ಅವನ ಸುದ್ದಿ ಮಾತ್ರ ಇಲ್ಲ. ಮಳೆಗಾಲ ಹೋಯಿತು. ಆಕೆ ಆ ವರ್ಷ ಸ್ವೆಟರ್ ಮಾರಲು ಹುಬ್ಬಳ್ಳಿಗೆ ಹೋಗಲಿಲ್ಲ. ದಿನಾ ಮಧ್ಯಾಹ್ನ ಬಂದು ಫೋನಿನ ಎದುರು ಕೂರುವಳು. ನಾನು ಹೊಸ ಮಾನಿಟರ್ ತಂದು ಹಾಕಿದ್ದೆ.

ಮರುವರ್ಷ ಅವರ ಹೊಸವರ್ಷದ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನು ರಿಂಗಾಯಿತು. ನಾನು ಸ್ಪೀಕರ್ ಒತ್ತಿದೆ. ಆಕೆಯ ತುಟಿಯಲ್ಲಿ ಕತ್ತಿ ಎನ್ನುವ ಮಾತು ಆಗಲೇ ಬಂದು ಕೂತಿತ್ತು.

"ನಮಥ್ಕಾರ್ರೀ ಅಕ್ಕ..." ಎಂದು ನಿಂತಿತು ದನಿ. ಮುಂದಿನ ಹಲ್ಲುಗಳಿಲ್ಲದ ಬಾಯಿ. ನಾವಿಬ್ಬರೂ ಕಾದೆವು. ಅಕ್ಕಾ ಎನ್ನುತ್ತಾನೋ, ಅಕ್ಕಾರ ಎನ್ನುತ್ತಾನೋ.

"...ಅಕ್ಕಾರ. ನನ್ನ ಬಿಟ್ಟಾರ್ರೀ. ಮನ್ಯಾಗ ಅದೇನ್ರೀ. ನೀವೆಲ್ಲಾ ಆರಾಮ ಅದೀರಿಲ್ರೀ?"

ಅವನ ಹಿಂದೆ ಯಾವ ದನಿಯೂ ಇರಲಿಲ್ಲ. ಆದರೆ ಯಾರೋ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

ಆಕೆ ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಒರೆಸಿಕೊಂಡು, ಫೋನಿನ ಹತ್ತಿರಕ್ಕೆ ಬಾಗಿ, ಗುರುತಿಲ್ಲದ ಗಿರಾಕಿಯೊಡನೆ ಮಾತಾಡುವ ಹಾಗೆ ಕೇಳಿದಳು:

"ಆರಾಮ ಅದೇವ್ರೀ. ಊಟ ಆತೇನ್ರೀ ನಿಮ್ಮದು?"